ಕಲ್ಯಾಣದುರ್ಗದ ಪಿರಮಿಡ್ಡು

ಪಿರಮಿಡ್ಡಿನೊಳಗೆ ಏನಿದೆ ಎಂದು ನನಗೆ ಹೇಳಿದವನು ನನ್ನ ಷಡ್ಡಕ. ಗೋರಂಟ್ಲದವನು. ಯುದ್ಧಕ್ಕೆ ಸೇರಿ, ಲಾರಿ ಓಡಿಸುತ್ತ ಈಜಿಪ್ಟಿನವರೆಗೂ ಹೋಗಿ, ಕಾಲು ಮುರಿದುಕೊಂಡು ಹಿಂತಿರುಗಿದ್ದ. ಹಿಂದೂಪುರದ ನಮ್ಮ ಬಾಡಿಗೆ ಮನೆಯ ಜಗಲಿಯ ಮೇಲೆ ಆ ಕಾಲು ನೀಡಿಕೊಂಡು ಕೂತು, ನನ್ನ ಹೆಂಡತಿ ಕೊಟ್ಟ ಕಾಫಿಯನ್ನು ಲೋಟದಿಂದ ತನ್ನ ಸೈನ್ಯದ ತಗಡಿನ ಮಗ್ಗಿಗೆ ಸುರಿದುಕೊಂಡು ಕುಡಿಯುತ್ತಿದ್ದ.

"ಒಳಗೇನಿತ್ತು?" ಎಂದು ಕೇಳಿದೆ.

"ಏನೂ ಇಲ್ಲ ಕಣಣ್ಣ. ಬಗ್ಗಿಕಂಡು ಬಗ್ಗಿಕಂಡು ಹೋಗ್ಬೇಕು, ಸೊಂಟ ಬಿದ್ದೋಯ್ತದೆ. ಹೋದ್ರೆ ಒಂದು ಕಲ್ಲಿನ ರೂಮು. ಅದ್ರಾಗೊಂದು ಕಲ್ಲಿನ ತೊಟ್ಟಿ, ಅದೂ ಖಾಲಿ. ಬಾವಲಿ ವಾಸ್ನೆ. ಇಷ್ಟಕ್ಕೆ ಬಿಳೀ ಸೋಲ್ಜರುಗಳು ಫೋಟೋ ತಕ್ಕಂಡು ತಕ್ಕಂಡು ಸಾಯ್ತಿದ್ರು."

"ಯಾವಾಗಿನಿಂದ ಹಾಗೇ ಇದೆಯಂತೆ?"

"ಕಟ್ಟಿದಾಗ್ನಿಂದ. ಅದ್ನ ಬದಲಾಯ್ಸೋ ಗಂಡು ಯಾವನವ್ನೆ?"

ನಾನು ಶಾಲೆಯಲ್ಲಿ ಚರಿತ್ರೆ, ಭೂಗೋಳ ಹೇಳುವವನು. ಪಿರಮಿಡ್ಡಿನ ತ್ರಿಕೋನವನ್ನು ಪ್ರತಿ ವರ್ಷವೂ ಬೋರ್ಡಿನ ಮೇಲೆ ಬರೆದು, ಪಕ್ಕದಲ್ಲೊಂದು ಒಂಟೆಯನ್ನೂ ಬರೆದು, ಹುಡುಗರು ಅದನ್ನು ಕತ್ತೆ ಎಂದು ನಕ್ಕ ಮೇಲೆ ಒರೆಸಿದವನು. ಒಳಗೆ ಖಾಲಿ ಎಂಬ ಸಂಗತಿ ನಮ್ಮ ಪಠ್ಯದಲ್ಲಿರಲಿಲ್ಲ. ಇದ್ದಿದ್ದರೆ ನನಗೆ ಇಷ್ಟೆಲ್ಲ ಆಗುತ್ತಿರಲಿಲ್ಲವೇನೋ.

ಷಡ್ಡಕನ ಟ್ರಂಕಿನಲ್ಲಿ ರಟ್ಟು ಹರಿದ ಕೆಲವು ಇಂಗ್ಲಿಷ್ ಕಥೆಯ ಪತ್ರಿಕೆಗಳೂ ಬಂದಿದ್ದವು. ಕಾಲದಲ್ಲಿ ಪ್ರಯಾಣ ಮಾಡುವವರ ಕಥೆಗಳು. ಆ ಲೇಖಕರಿಗೆ ಪಿರಮಿಡ್ಡಿಲ್ಲದೆ ಕೈಯೇ ಆಡುತ್ತಿರಲಿಲ್ಲ. ಒಬ್ಬನಿಗೆ ಪಿರಮಿಡ್ಡೇ ಯಂತ್ರ, ಬೇರೆ ಗ್ರಹದವರು ಬಂದು ಮರೆತುಹೋದದ್ದು. ಇನ್ನೊಬ್ಬನಿಗೆ ಅದು ಬಾಗಿಲು. ಕಲ್ಲೊಂದನ್ನು ಒತ್ತಿದರೆ ಆಚೆ ಕಡೆ ಹಳೆಯ ಈಜಿಪ್ಟು, ಹೊಸ್ತಿಲಲ್ಲೇ ರಾಜಕುಮಾರಿ. ಆ ರಾಜಕುಮಾರಿ ಎರಡನೆಯ ಪುಟದಲ್ಲೇ ಇಂಗ್ಲಿಷ್ ಕಲಿತುಬಿಡುತ್ತಿದ್ದಳು. ನನ್ನ ಶಾಲೆಯ ಹುಡುಗರ ನೆನಪಾಗಿ ಹೊಟ್ಟೆ ಉರಿಯುತ್ತಿತ್ತು.

ಆದರೆ ನನ್ನ ಚಿಂತೆ ರಾಜಕುಮಾರಿಯದಲ್ಲ, ಇಳಿಯುವ ಜಾಗದ್ದು. ಬಸ್ಸು ಹತ್ತುವ ಮೊದಲೇ ಇಳಿಯುವುದು ಹೇಗೆಂದು ಯೋಚಿಸುವ ಜಾತಿ ನಾನು. ಹಿಂದೂಪುರದ ಬೆಲ್ಲದ ಮಂಡಿಯಲ್ಲಿ ನಿಂತುಕೊಂಡು ಒಬ್ಬ ಐನೂರು ವರ್ಷ ಆಚೆಗೆ ಹೋದ ಎನ್ನಿ. ಅಲ್ಲಿ ಕೆರೆಯಿದ್ದರೆ? ಬಾವಿಯಿದ್ದರೆ? ಗೋಡೆಯೆದ್ದಿದ್ದರೆ, ಮೂಗು ಈಚೆಗೆ, ಬೆನ್ನು ಆಚೆಗೆ ಸಿಕ್ಕಿಕೊಂಡು ಮಂಡಿಯವರ ಕೈಲಿ ಬೈಸಿಕೊಳ್ಳುವುದೇ? ಇದನ್ನು ಯೋಚಿಸಿ ಯೋಚಿಸಿ ಒಂದು ದಿನ ಹೊಳೆಯಿತು: ಕಾಲದಲ್ಲಿ ಓಡಾಡುವವನಿಗೆ ಬೇಕಾದ್ದು ಯಂತ್ರವಲ್ಲ, ಹೊರಡುವಾಗಲೂ ಇಳಿಯುವಾಗಲೂ ಖಾಲಿಯಿರುವ ಒಂದು ಕೋಣೆ. ಅಂಥ ಕೋಣೆಯ ಭರವಸೆಯನ್ನು ಪಿರಮಿಡ್ಡಲ್ಲದೆ ಯಾರು ಕೊಡಬಲ್ಲರು? ಇಂಗ್ಲಿಷಿನವರು ಅದನ್ನು ಬಾಗಿಲು ಮಾಡಿದರು, ಯಂತ್ರ ಮಾಡಿದರು. ಅದು ನಿಲ್ದಾಣ ಎಂಬುದು ಅವರಿಗೆ ತೋಚಲಿಲ್ಲ, ನನಗೆ ತೋಚಿತು. ಬದುಕಿನಲ್ಲಿ ನಾನು ಬೇರೆಯವರಿಗಿಂತ ಮೊದಲು ಯೋಚಿಸಿದ ವಿಷಯ ಇದೊಂದೇ. ಹೆಂಡತಿಗೆ ಹೇಳಿದೆ.

"ಅಲ್ಲಿಗೂ ಹೋಗಿ ಚಿಂತೆ ಮಾಡ್ತೀರಲ್ಲ, ಇಲ್ಲಿರೋದು ಸಾಲ್ದೇನ್ರಿ?" ಎಂದಳು.

ಕಥೆ ಬರೆದೆ. ಗೋರಂಟ್ಲದ ಒಬ್ಬ ಲಾರಿ ಡ್ರೈವರು ಮರಳಿನ ಬಿರುಗಾಳಿಗೆ ಹೆದರಿ ಪಿರಮಿಡ್ಡಿನೊಳಗೆ ನುಗ್ಗುತ್ತಾನೆ. ಕಲ್ಲಿನ ತೊಟ್ಟಿಯಲ್ಲಿ ಕೂರುತ್ತಾನೆ. ಕಣ್ಣು ಬಿಟ್ಟಾಗ ಅವನು ಬಹಳ ದೂರದ, ಇನ್ನೂ ಹುಟ್ಟಿರದ ಕಾಲದಲ್ಲಿದ್ದಾನೆ. ಹೊರಗೆ ಬಂದರೆ ಯುದ್ಧವಿಲ್ಲ, ಲಾರಿಯಿಲ್ಲ, ಗೋರಂಟ್ಲ ಎಂಬ ಹೆಸರು ಕೇಳಿದವರಿಲ್ಲ. ಆ ಕಾಲದ ಜನ ಅವನನ್ನು ನಡುವೆ ಕೂರಿಸಿಕೊಂಡು ಕೇಳುತ್ತಾರೆ: ನಿಮ್ಮ ಕಾಲದವರು ಯಾವುದಕ್ಕೆ ಹೆದರುತ್ತಿದ್ದರು? ಅವನು ಹೇಳುತ್ತ ಹೋಗುತ್ತಾನೆ. ಅವರು ಮೊದಲು ನಗುತ್ತಾರೆ, ಆಮೇಲೆ ಆಕಳಿಸುತ್ತಾರೆ, ಕೊನೆಗೆ ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ. ಅಷ್ಟೇ. ಬರೆದು ಮುಗಿಸಿದ ದಿನ ನನಗೆ ಅಳು ಬಂತು. ಇದೊಂದು ಪುಸ್ತಕವಾಗಿಬಿಟ್ಟರೆ ಸಾಕು, ಇನ್ನು ಮೇಲೆ ಒಂಟೆ ಬರೆದು ಕತ್ತೆ ಅನ್ನಿಸಿಕೊಂಡರೂ ಚಿಂತೆಯಿಲ್ಲ ಅನಿಸಿತು.

ಕಾಗದವೇ ಇರಲಿಲ್ಲ. ಯುದ್ಧದ ಕಾಲ. ಮಕ್ಕಳು ಸ್ಲೇಟಿನ ಮೇಲೆ ಪರೀಕ್ಷೆ ಬರೆಯುತ್ತಿದ್ದ ಕಾಲ. ಹಿಂದೂಪುರದ ಒಂದು ಅಚ್ಚುಕೂಟದವರು, "ಪೇಪರ್ ನೀವು ತನ್ನಿ, ಮಿಕ್ಕಿದ್ದು ಮೇಮು ಚೂಸ್ಕುಂಟಾಮು, ನಾವು ನೋಡ್ಕೋತೀವಿ" ಎಂದು ಎರಡು ಭಾಷೆಯಲ್ಲಿ ಕೈ ತೊಳೆದುಕೊಂಡರು. ಕಾಗದ ಇದ್ದದ್ದು ಕಲ್ಯಾಣದುರ್ಗದಲ್ಲಿ. ಅಲ್ಲಿನ ಕಡಲೆಕಾಯಿ ಎಣ್ಣೆ ಮಿಲ್ಲಿನ ಯಜಮಾನರೊಬ್ಬರು ಎಣ್ಣೆ ಡಬ್ಬಗಳ ಲೇಬಲ್ಲಿಗೆಂದು ಯುದ್ಧಕ್ಕೆ ಮೊದಲೇ ತರಿಸಿ ಅಟ್ಟಕ್ಕೇರಿಸಿದ್ದರು. ವಾರದ ವ್ಯಾಪಾರಕ್ಕೆ ಹಿಂದೂಪುರಕ್ಕೆ ಬಂದಾಗ ನಮ್ಮ ಪಕ್ಕದ ಮಂಡಿಯಲ್ಲಿ ಇಳಿದುಕೊಳ್ಳುತ್ತಿದ್ದುದರಿಂದ ಮುಖಪರಿಚಯವಿತ್ತು. ಕೇಳಿದೆ. "ಊರಿಗ್ ಬನ್ನಿ ಮೇಷ್ಟ್ರೆ, ಕತೆ ಓದಿ ಹೇಳಿ. ಚೆನ್ನಾಗಿದ್ರೆ ಕಾಗ್ದ ನಿಮ್ದೇ" ಎಂದರು.

ಹೋದೆ. ಪೆಟ್ರೋಲಿಲ್ಲದೆ ಬಸ್ಸುಗಳೆಲ್ಲ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಹಿಂದುಗಡೆ ಒಂದು ದೊಡ್ಡ ಒಲೆ, ಅದರ ಪಂಖದ ಹಿಡಿ ತಿರುವಿ ತಿರುವಿ ಉರಿಸುವುದು. ಏರು ಬಂದಾಗ ನಾವೇ ಇಳಿದು ತಳ್ಳುವುದು. ನನ್ನ ಹಸ್ತಪ್ರತಿಗೆ ಕಿಡಿ ತಗಲೀತೆಂದು ಅದನ್ನು ಅಂಗಿಯೊಳಗೆ ಹೊಟ್ಟೆಗೆ ಕಟ್ಟಿಕೊಂಡೆ. ನಕಲು ಮಾಡಿರಲಿಲ್ಲ. ನಕಲಿಗೂ ಕಾಗದ ಬೇಕಲ್ಲ.

ಯಜಮಾನರು ಶಿವಭಕ್ತರು, ಹಣೆ ತುಂಬ ವಿಭೂತಿ. ಹೆಂಡತಿ ಸತ್ತು ಹತ್ತಿರಹತ್ತಿರ ವರ್ಷವಾಗಿತ್ತು. ಆಕೆ ಸೆಟ್ಟೂರಿನ ಕಡೆಯವರು. ಊರಾಚೆಯ ತೋಟದಲ್ಲಿ ಆಕೆಯ ಸಮಾಧಿಗೆ ಕಲ್ಲುಕಟ್ಟಡ ನಡೆಯುತ್ತಿತ್ತು.

"ಏನ್ ಕತೆ?" ಎಂದರು, ಚಾಪೆ ಹಾಸಿ.

"ಪಿರಮಿಡ್ಡಿನ ಕಥೆ."

"ಪರ್ಮಿಟ್ಟಿಂದಾ? ಆ ಕತೆ ನಾನೇ ಹೇಳ್ತೀನಿ ಕುಂತ್ಕಳಿ. ಸಕ್ರೆ ಪರ್ಮಿಟ್ಟಿಗೆ ನನ್ನ ಅನಂತಪುರಕ್ಕೆ ನಾಯಿ ತಿರುಗ್ಸ್ದಂಗೆ ತಿರುಗ್ಸವ್ರೆ."

"ಪರ್ಮಿಟ್ಟಲ್ಲ, ಪಿರಮಿಡ್ಡು. ಈಜಿಪ್ಟಿನ ರಾಜರ ಸಮಾಧಿ. ಮೂರು ಮೂಲೆ ಕಾಣುತ್ತದಲ್ಲ, ಅದು."

"ಓ, ಗದ್ದುಗೆ ಅನ್ನಿ ಮತ್ತೆ! ಅದ್ರಾಗೇನು ಹೊಸ್ದು? ನಮ್ದೂ ಮೂರ್ಮೂಲೆ ಗೂಡೇ ಕಣಪ್ಪ. ಗುಂಡಿ ತೆಗ್ದು, ಒಳಗೆ ಪಕ್ಕಕ್ಕೆ ಗೂಡು ಕೊರ್ದು, ಅದ್ರಾಗೆ ಕುಂಡ್ರುಸ್ತೀವಿ. ನಿಮ್ಮಂಗೆ ಸುಡಲ್ಲ, ಬ್ಯಾರೇರಂಗೆ ಮಲಗ್ಸಲ್ಲ. ಕೈಯಾಗೆ ಲಿಂಗ ಇಟ್ಟು ಕುಂಡ್ರುಸೋದು. ನಮ್ಮೋಳೂ ತೋಟದಾಗೆ ಅಂಗೇ ಕುಂತವ್ಳೆ."

ಕುಂತವ್ಳೆ. ಈಗ, ಇವತ್ತು. ನಮ್ಮಲ್ಲಾದರೆ ಸುಟ್ಟು ಬೂದಿಯನ್ನು ನೀರಿಗೆ ಬಿಟ್ಟುಬಿಡುತ್ತಾರೆ. ಯಾವ ಯಂತ್ರ ಸಿಕ್ಕರೂ ಹೋಗಿ ಇಳಿಯಲು ಜಾಗವಿಲ್ಲ.

ಓದತೊಡಗಿದೆ. ಮರಳುಗಾಳಿ ಬಂತು, ಡ್ರೈವರು ಒಳಗೆ ಓಡಿದ. "ಕಲ್ಲಿನ ತೊಟ್ಟಿಯಲ್ಲಿ ಕುಳಿತನು. ಕಣ್ಣು ಮುಚ್ಚಿದನು. ಕಾಲದಲ್ಲಿ ಮುಂದೆ, ಮುಂದೆ, ಇನ್ನೂ ಮುಂದೆ ಸಾಗಿದನು" ಎಂಬಲ್ಲಿಗೆ ಬಂದಾಗ ಯಜಮಾನರು ಕೈಯೆತ್ತಿದರು.

"ನಿಲ್ಸಿ. ಮುಂದೆ ಹೋದ್ನಾ?"

"ಹೋದ."

"ಎಷ್ಟು ಮುಂದೆ ಬೇಕಾದ್ರೂ ಹೋಗ್ಬೌದಾ?"

"ಸಾವಿರಾರು ವರ್ಷ."

"ಒಂದೇ ವರ್ಸ ಮುಂದೆ ಅಂದ್ರೆ?"

"ಒಂದು ವರ್ಷ ಏನು ಮಹಾ! ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ."

ಅವರ ಕಣ್ಣು ತುಂಬಿತು. ಹೆಗಲ ಮೇಲಿನ ವಲ್ಲಿಯಿಂದ ಒತ್ತಿಕೊಂಡರು. "ಸಾಕು ಮೇಷ್ಟ್ರೆ, ಇನ್ ಓದ್ಬ್ಯಾಡಿ. ಇದು ಪುಸ್ತ್ಕ ಆಗ್ಲೇಬೇಕು. ಕಾಗ್ದ ನಿಮ್ದೇ" ಎಂದರು. ಅಟ್ಟಕ್ಕೆ ಏಣಿ ಹಾಕಿಸಿ ಬಂಡಲುಗಳನ್ನು ತೋರಿಸಿದರು. ನಾನು ಮುಟ್ಟಿ ನೋಡಿದೆ, ಮೂಸಿಯೂ ನೋಡಿದೆ. ಕಡಲೆಕಾಯಿ ಎಣ್ಣೆಯ ಸಣ್ಣ ವಾಸನೆ ಹತ್ತಿದ್ದ ನಯವಾದ ಕಾಗದ. ನನ್ನ ಕಥೆ ಒಬ್ಬ ಎಣ್ಣೆ ವ್ಯಾಪಾರಿಯನ್ನೂ ಅಳಿಸಿತೆಂದು ಹಿಂತಿರುಗುವ ಬಸ್ಸನ್ನು ಎಲ್ಲರಿಗಿಂತ ಜೋರಾಗಿ ತಳ್ಳಿದೆ.

ಮನೆಗೆ ಬಂದು ಹೆಂಡತಿಗೆ ಒಂದೊಂದು ಮಾತನ್ನೂ ಬಿಡದೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟಳು.

"ಒಂದ್ ವರ್ಸ ಮುಂದೆ ಅಂತ ಕೇಳಿದ್ರಾ? ಅಯ್ಯೋ, ಅವ್ರು ತೆಲುಗಿನ ಮುಂದು ಅಂದ್ಕಂಡವ್ರೆ ಕಣ್ರಿ!"

ಓದುವವರು ಮೈಸೂರಿನವರಾದರೆ ಇದು ತಿಳಿಯದು, ಹೇಳಿಬಿಡುತ್ತೇನೆ. ಕನ್ನಡದಲ್ಲಿ ಮುಂದೆ ಅಂದರೆ ಇನ್ನು ಬರಲಿರುವ ಕಾಲ. ತೆಲುಗಿನಲ್ಲಿ ಮುಂದು ಅಂದರೆ ಮೊದಲು, ಆಗಿಹೋದ ಕಾಲ. ನಮ್ಮ ಸೀಮೆಯಲ್ಲಿ ಎರಡೂ ಒಂದೇ ಬಾಯಲ್ಲಿ ಬರುತ್ತವೆ. "ಮುಂದೆ ನಮ್ ತಾತ ಇದ್ನಲ್ಲ" ಎಂದರೆ ತಾತ ಸತ್ತು ಬಹಳ ಕಾಲವಾಯಿತೆಂದು ನಾವು ತಿಳಿಯಬೇಕು. ಆಸ್ಪತ್ರೆಯ ಕಾಂಪೌಂಡರು "ಊಟಕ್ಕೆ ಮುಂದೆ ತಗಳಿ" ಎಂದು ಗುಳಿಗೆ ಕೊಟ್ಟರೆ ತೆಲುಗು ಮನೆಯವರು ಉಣ್ಣುವ ಮೊದಲು ನುಂಗುತ್ತಾರೆ, ಕನ್ನಡ ಮನೆಯವರು ಉಂಡ ಮೇಲೆ ನುಂಗುತ್ತಾರೆ. ನಾನು ಯಾವುದಕ್ಕೂ ಇರಲಿ ಎಂದು ಎರಡು ಸಲವೂ ನುಂಗುತ್ತಿದ್ದೆ. ಇಂಥವನು ಕಾಲಪ್ರಯಾಣದ ಕಥೆಯಲ್ಲಿ ಅದೇ ಶಬ್ದವನ್ನು ಮೂರು ಸಲ ಬರೆದು, ಕಲ್ಯಾಣದುರ್ಗಕ್ಕೆ ಹೋಗಿ, ಹೆಂಡತಿ ಸತ್ತವರ ಎದುರು ಗಟ್ಟಿಯಾಗಿ ಓದಿ ಬಂದಿದ್ದೆ. ಅವರು ಅತ್ತದ್ದು ನನ್ನ ಡ್ರೈವರಿಗಲ್ಲ. ಒಂದು ವರ್ಷ ಹಿಂದಕ್ಕೆ ಹೋಗಬಹುದಲ್ಲ ಎಂದು ಅತ್ತಿದ್ದರು.

ಸುಮ್ಮನಿದ್ದು ಅಚ್ಚು ಹಾಕಿಸಿಬಿಡಬಹುದಿತ್ತು. ಆದರೆ ಪುಸ್ತಕ ಕೈಗೆ ಬಂದ ಮೇಲೆ ಅವರು ಯಾರಿಂದಲಾದರೂ ಓದಿಸಿದರೆ? ಸಿಟ್ಟಾಗಿ ಎಲ್ಲವನ್ನೂ ಎಣ್ಣೆ ಗಾಣಕ್ಕೆ ಹಾಕಿಸಿದರೆ? ಮುಂದಿನ ವಾರದ ಸಂತೆಗೆ ಅವರು ಬಂದಾಗ ನಾನೇ ಮಂಡಿಗೆ ಹೋಗಿ, ಬೆಲ್ಲದ ಪಿಂಡಿಗಳ ನಡುವೆ ನಿಂತು ವಿಷಯ ತಿಳಿಸಿದೆ.

"ಅಂದ್ರೆ ಬರೋ ಕಾಲಕ್ಕೆ ಹೋಯ್ತಾನೆ ಅನ್ನಿ."

"ಹೌದು."

"ಅದಕ್ಕೆ ನಿಮ್ ಪಿರ್ಮಿಟ್ಟು ಯಾಕಪ್ಪ ಬೇಕು? ಸುಮ್ಕೆ ಮನೇಲಿ ಕುಂತ್ರೂ ಎಲ್ರೂ ಅಲ್ಲಿಗೇ ಹೋಯ್ತಾರೆ. ನಾನೂ ಹೋಯ್ತಾ ಇವ್ನಿ, ನೀವೂ ಹೋಯ್ತಾ ಇದ್ದೀರಿ. ಬ್ಯಾಡ ಅಂದ್ರೂ ಬಿಡಲ್ಲ."

ನಾನು ಒಂದು ಬೆಲ್ಲದ ಪಿಂಡಿಯ ಮೇಲೆ ಕೂತೆ.

ಆಮೇಲೆ ಅವರೇ ಹೇಳಿದರು. ಆಕೆ ಸತ್ತ ದಿನ ಅವರು ಹಿಂದೂಪುರಕ್ಕೆ ಹೊರಟಿದ್ದರಂತೆ. ಬಸ್ಸು ಮನೆಯ ಮುಂದೆಯೇ ಹಾದುಹೋಗುವುದು. ಆಕೆ ಬಾಗಿಲಿಗೆ ಬಂದು ಏನೋ ಕೂಗಿದರು. ಎಂಜಿನ್ನಿನ ಸದ್ದಿನಲ್ಲಿ ಕೇಳಲಿಲ್ಲ. ಇವರು ಕಿಟಕಿಯಿಂದ "ಬಂದ್ಮ್ಯಾಕೆ ಹೇಳು" ಎಂದು ಕೈಯಾಡಿಸಿದರು. ಬಂದಾಗ ಆಕೆಯನ್ನು ಆಗಲೇ ಕೂರಿಸಿ ವಿಭೂತಿ ಹಚ್ಚಿದ್ದರು.

"ಏನಂದ್ಲು ಅಂತ ಒಂದ್ ಮಾತು. ಅಷ್ಟೇ ಬೇಕಾಗಿರೋದು. ಕತೇನ ತಿರುಗ್ಸಿ ಮೇಷ್ಟ್ರೆ. ಅವ್ನು ಹಿಂದಕ್ಕೋಗ್ಲಿ. ಆ ಮಾತು ಕೇಳುಸ್ಕಂಡು ಬರ್ಲಿ. ಕಾಗ್ದ ನಾನೇ ಗಾಡಿ ಕಟ್ಟಿ ಕಳುಸ್ತೀನಿ."

ತಿರುಗಿಸಿದೆ. ಸಾವಿರಾರು ವರ್ಷಕ್ಕೆಂದು ಕಟ್ಟಿದ ಪಿರಮಿಡ್ಡಿನಲ್ಲಿ ಒಂದು ವರ್ಷ ಹಿಂದಕ್ಕೆ ಹೋಗುವುದೆಂದರೆ, ಮದರಾಸಿಗೆ ಟಿಕೀಟು ತೆಗೆದು ರೈಲು ಹತ್ತಿ ಹಿಂದೂಪುರದ ಔಟರ್ ಸಿಗ್ನಲ್ಲಿನಲ್ಲಿ ಇಳಿದ ಹಾಗೆ. ಇಳಿಸಿದೆ. ಈಜಿಪ್ಟಿನಿಂದ ಹೊರಟವನು ಕಲ್ಯಾಣದುರ್ಗಕ್ಕೆ ಹೇಗೆ ಬಂದಾನು? ಪಿರಮಿಡ್ಡನ್ನೇ ಕಲ್ಯಾಣದುರ್ಗದ ತೋಟಕ್ಕೆ ತಂದೆ. ಡ್ರೈವರನ್ನು ತೆಗೆದುಹಾಕಿ ಎಣ್ಣೆ ವ್ಯಾಪಾರಿಯನ್ನು ತೊಟ್ಟಿಯಲ್ಲಿ ಕೂರಿಸಿದೆ. ವಿಜ್ಞಾನವೆಲ್ಲ ಹೋಯಿತು. ಆ ಇಂಗ್ಲಿಷ್ ಲೇಖಕರನ್ನು ರಾಜಕುಮಾರಿಯ ವಿಷಯಕ್ಕೆ ಗೇಲಿ ಮಾಡಿದ್ದೆನಲ್ಲ, ನಾನೂ ಹೊಸ್ತಿಲಲ್ಲಿ ಒಬ್ಬ ಹೆಂಗಸನ್ನು ನಿಲ್ಲಿಸಿದೆ. ಬೇರೆ ಕಾಗದವಿಲ್ಲದ್ದರಿಂದ ಇದನ್ನೆಲ್ಲ ಮೊದಲಿನ ಕಥೆಯ ಹಾಳೆಗಳ ಹಿಂಬದಿಯಲ್ಲೇ ಬರೆದೆ. ಅಚ್ಚಾಗುವಾಗ ಎರಡನ್ನೂ ಒಂದೇ ಪುಸ್ತಕದಲ್ಲಿ ಸೇರಿಸಿಬಿಡುವ ಹಂಚಿಕೆ ನನ್ನದು.

ಆದರೆ ಆಕೆ ಏನು ಕೂಗಿದರು? ಮೊದಲು "ಬೇಗ ಬನ್ನಿ, ನಿಮ್ಮನ್ನು ಬಿಟ್ಟಿರಲಾರೆ" ಎಂದು ಬರೆದೆ. ಯಜಮಾನರು ಕೇಳಿ, "ಅವ್ಳಾ? ಅಂಗನ್ನೋಳಾಗಿದ್ರೆ ನಾನು ಸಂತೆಗೇ ಹೋಗ್ತಿರ್ಲಿಲ್ಲ ಬಿಡಿ" ಎಂದು ನಕ್ಕರು. ಇನ್ನೊಂದು ಸಂತೆಗೆ, "ಜನ್ಮಜನ್ಮಕ್ಕೂ ನೀವೇ" ಎಂದು ಓದಿದೆ. "ನಾಟಕದೋರು ಬಂದಂಗಾಯ್ತು" ಎಂದರು. ಕೊನೆಗೆ ನನ್ನ ಹೆಂಡತಿಯೇ ಅಡಿಗೆಮನೆಯಿಂದ ಹೇಳಿದಳು: "ಬಸ್ಸು ಹೊಂಟ್ಮೇಲೆ ಹೆಂಗಸು ಏನ್ ಕೂಗ್ತಾಳ್ರಿ? ಹುಣಸೆಹಣ್ಣು ತರ್ಬ್ಯಾಡಿ, ಮನೇಲೈತೆ ಅಂತಾಳೆ."

ಅದನ್ನೇ ಬರೆದೆ. ಓದಿದೆ. ಯಜಮಾನರು ಮಂಡಿಯ ಕಂಬಕ್ಕೆ ಒರಗಿದರು.

"ತಂದ್ಬುಟ್ಟಿದ್ದೆ ಮೇಷ್ಟ್ರೆ," ಎಂದರು. "ಅವತ್ತೊಂದು ಮೂಟೆ ತಂದ್ಬುಟ್ಟಿದ್ದೆ. ಅದೇ ಅಂದಿರ್ತಾಳೆ. ಅದೇ."

ಹಾಳೆಗಳನ್ನು ನನ್ನ ಕೈಯಿಂದ ತೆಗೆದುಕೊಂಡರು. ಮನೆಯಲ್ಲಿ ಇನ್ನೊಮ್ಮೆ ಓದಿಸಿಕೊಂಡು, ಕಾಗದದ ಜೊತೆಗೆ ಅವನ್ನೂ ಅಚ್ಚುಕೂಟಕ್ಕೆ ಕಳಿಸುವುದಾಗಿ ಹೇಳಿದರು. ನಾನು ಕೊಟ್ಟೆ. ಪ್ರತಿಯೊಂದಕ್ಕೂ ಚಿಂತಿಸುವ ನಾನು, ಚಿಂತಿಸಲೇಬೇಕಾದ ಆ ಒಂದು ಗಳಿಗೆಯಲ್ಲಿ ಧನ್ಯನಾದವನಂತೆ ಹಲ್ಲು ಬಿಟ್ಟುಕೊಂಡು ನಿಂತಿದ್ದೆ.

ಗಾಡಿ ಬರಲಿಲ್ಲ. ಯಜಮಾನರು ಸಂತೆಗೆ ಬರುವುದೂ ನಿಂತಿತು. ಅಚ್ಚುಕೂಟದ ಬಾಗಿಲಿಗೆ ಶಾಲೆಗೆ ಹೋಗುವಾಗೊಮ್ಮೆ, ಬರುವಾಗೊಮ್ಮೆ ಇಣುಕಿದೆ. ಅವರಿಗೆ ಹುಷಾರಿಲ್ಲವೇ, ಹಾಳೆಗಳನ್ನು ಗೆದ್ದಲು ತಿಂದಿತೇ, ಗಾಡಿ ಹಳ್ಳಕ್ಕೆ ಬಿತ್ತೇ ಎಂದು ನನ್ನ ಚಿಂತೆಗಳೆಲ್ಲ ಸಾಲಾಗಿ ಬಂದವು. ನಿಜವಾದದ್ದು ಮಾತ್ರ ಆ ಸಾಲಿನಲ್ಲಿರಲಿಲ್ಲ.

ಮದುವೆಯ ಕರೆಯೋಲೆ ಬಂತು. ವರ, ಮಿಲ್ಲಿನ ಯಜಮಾನರು. ವಧು ಬ್ರಹ್ಮಸಮುದ್ರದ ಕಡೆಯವಳು. ನಯವಾದ, ದಪ್ಪನೆಯ ಕಾಗದ. ಅಷ್ಟೊಂದು ಕಾಗದ ಎಲ್ಲಿ ಸಿಕ್ಕಿತೋ ಎಂದು ಊರಿನವರೆಲ್ಲ ಬೆರಗಾದರು. ನಾನು ಮೂಸಿ ನೋಡಿದೆ.

ಮದುವೆಗೆ ಹೋಗಲಿಲ್ಲ. ಹಾಳೆಗಳನ್ನಾದರೂ ತರೋಣವೆಂದು ಒಂದಷ್ಟು ದಿನ ಬಿಟ್ಟು ಹೋದೆ. ಯಜಮಾನರು ಹತ್ತು ವರ್ಷ ಚಿಕ್ಕವರಾಗಿ ಕಂಡರು. ಪ್ರೀತಿಯಿಂದಲೇ ಒಳಗೆ ಕರೆದರು, ಹೊಸ ಹೆಂಡತಿಯ ಕೈಯಲ್ಲಿ ಹೋಳಿಗೆ ಹಾಕಿಸಿದರು. ಕಾಗದದ ಮಾತನ್ನು ಅವರೇ ತೆಗೆದರು.

"ಏನ್ಮಾಡಾನ ಮೇಷ್ಟ್ರೆ, ಬೀಗ್ರು ಕಡೆಯೋರು ಜಾಸ್ತಿ. ಅಷ್ಟೂ ಮುಗ್ದೋಯ್ತು."

"ಹೋಗಲಿ ಬಿಡಿ. ನನ್ನ ಹಾಳೆಗಳು?"

ಅವರು ಅಡಿಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ಮೊದ್ಲೋಳು ಮಾತಾಡೋ ಕಾಗ್ದ ಮನೇಲಿದ್ರೆ ನಮ್ಮುಡ್ಗಿ ಒಳಗೆ ಕಾಲಿಡಲ್ಲ ಅಂದ್ಬುಟ್ರು ನಮ್ಮತ್ತೆ. ಒಲೆಗಾಕಕ್ಕೆ ಮನ್ಸು ಬರ್ಲಿಲ್ಲ. ಅದೇ ವಾರ ಗದ್ದುಗೆ ಮುಚ್ಚುಸ್ತಿದ್ದೆ. ಅವ್ಳ್ ಮಾತು ಅವ್ಳ ತಾವೇ ಇರ್ಲಿ ಅಂತ ಒಳಗಿಟ್ಟು ಗಾರೆ ಹಾಕುಸ್ದೆ. ಬದ್ರವಾಗೈತೆ, ಯೋಚ್ನೆ ಮಾಡ್ಬ್ಯಾಡಿ."

"ಅದರ ಹಿಂಬದಿಯಲ್ಲಿ ನನ್ನ ಕಥೆ ಇತ್ತು!"

"ಅದೂ ಬದ್ರವಾಗೈತೆ ಬಿಡಿ."

"ಒಂದು ಕಲ್ಲು ಸರಿಸಿದರೆ..."

ಯಜಮಾನರ ಮುಖ ಬದಲಾಯಿತು. "ಏನ್ ಮಾತಾಡ್ತೀರಿ! ಮಕ್ಳಿಗೆ ಬುದ್ದಿ ಹೇಳೋರು ನೀವು. ಗದ್ದುಗೆ ಒಡ್ಯದಾ?" ಎಂದವರು ಒಳಕ್ಕೆ ತಿರುಗಿ, "ಅಮ್ಮಣ್ಣೀ, ಮೇಷ್ಟ್ರಿಗೆ ಇನ್ನೊಂದು ಹೋಳಿಗೆ ಬಿಡೇ" ಎಂದು ಕೂಗಿದರು. ತಿಂದೆ. ಚೆನ್ನಾಗಿತ್ತು, ಅದು ಇನ್ನೂ ಹೊಟ್ಟೆ ಉರಿಸಿತು.

ಮತ್ತೆ ಬರೆಯಬಹುದಲ್ಲ ಎನ್ನುತ್ತೀರಿ. ಯುದ್ಧ ಮುಗಿಯಿತು, ಕಾಗದ ಬಂತು, ನಾನೂ ಕೂತೆ. ಡ್ರೈವರನ್ನು ಪಿರಮಿಡ್ಡಿನೊಳಕ್ಕೆ ಓಡಿಸುವವರೆಗೆ ಚೆನ್ನಾಗಿಯೇ ನಡೆಯುತ್ತದೆ. ತೊಟ್ಟಿಯಲ್ಲಿ ಕೂತು ಅವನು ಕಣ್ಣು ಮುಚ್ಚಿದೊಡನೆ, ಯಾರೋ ಬಾಗಿಲಿಗೆ ಬಂದು ಹುಣಸೆಹಣ್ಣು ಬೇಡವೆಂದು ಕೂಗುತ್ತಾರೆ. ಆಚೆ ಕಾಲದ ಜನ ಆಕಳಿಸುತ್ತ ಎದ್ದು ಹೋಗುವ ಆ ಪುಟದ ಒಂದು ವಾಕ್ಯವೂ ನೆನಪಿಗೆ ಬರುವುದಿಲ್ಲ. ನನ್ನದಲ್ಲದ, ನನ್ನ ಹೆಂಡತಿ ಅಡಿಗೆಮನೆಯಿಂದ ಹೇಳಿದ ಒಂದು ಮಾತು ಮಾತ್ರ ಅಕ್ಷರ ಬಿಡದೆ ನೆನಪಿದೆ.

ಹೋದ ವರ್ಷ ಪರೀಕ್ಷೆಯ ಮೇಲ್ವಿಚಾರಣೆಗೆಂದು ಕಲ್ಯಾಣದುರ್ಗಕ್ಕೆ ಹಾಕಿದ್ದರು. ಸಂಜೆ ಕಾಲು ತೋಟದ ಕಡೆಗೇ ನಡೆಯಿತು. ಗದ್ದುಗೆಯ ಕಟ್ಟೆಯ ಮೇಲೆ ಆಡುಗಳು ಮಲಗಿ ಮೆಲುಕು ಹಾಕುತ್ತಿದ್ದವು. ಯಾವ ಕಲ್ಲಿನ ಹಿಂದೆ ಇದೆಯೋ ಎಂದು ಸುತ್ತ ಒಂದು ಸಲ ತಿರುಗಿ ನೋಡಿದೆ. ಮೇಸ್ತ್ರಿ ಒಳ್ಳೆಯ ಕೆಲಸ ಮಾಡಿದ್ದ, ಸಂದು ಒಂದೂ ಬಿಟ್ಟಿರಲಿಲ್ಲ. ಸಿಟ್ಟು ಬಂತು. ಒಂದು ಕಲ್ಲು ತೆಗೆದುಕೊಂಡು ಆಡುಗಳ ಕಡೆ ಎಸೆದೆ. ಯಾವ ಆಡಿಗೂ ತಗಲಲಿಲ್ಲ, ಗಾರೆಗೆ ಬಡಿದು ಠಣ್ಣೆಂದಿತು.

"ಯಾವನ್ಲಾ ಅವ್ನು, ಗದ್ದುಗೆ ಮ್ಯಾಗೆ ಕಲ್ಲೆಸೆಯೋನು?" ಎಂದು ಬೇಲಿಯಾಚೆಯಿಂದ ಆಡು ಕಾಯುವ ಮುದುಕಿ ಕೂಗಿದಳು. "ನಿನ್ನ ಕೈ ಸೇದೋಗ! ನಿಂತ್ಕಳೋ, ಯಾರು ಅಂತ ಹೇಳೋ!"

ನಾನು ಪಂಚೆ ಎತ್ತಿ ಕಟ್ಟಿ, ಊರಿನ ಕಡೆಗೆ ಬೇಗ ಬೇಗ ನಡೆದೆ.